ಷಡ್ಡಕನ ಮೂರು ಬೊಟ್ಟು

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಬಹಳ ಮಿತವ್ಯಯದ ಮನುಷ್ಯ. ಎದುರುಮನೆಯವರು ಕಾರು ಕೊಂಡಾಗ ನಾನೇ ಹೋಗಿ ಅದರ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಬಂದೆ. ನನಗಿಂತ ಆಮೇಲೆ ಕೆಲಸಕ್ಕೆ ಸೇರಿದವನಿಗೆ ನನಗಿಂತ ಮೊದಲು ಬಡ್ತಿ ಸಿಕ್ಕಾಗ ಅವನು ಕೊಟ್ಟ ಮೈಸೂರು ಪಾಕು ತಿಂದು ಕೈ ಕುಲುಕಿದೆ. ನನ್ನ ವಯಸ್ಸಿನವರ ತಲೆಯ ಮೇಲೆ ಸೊಂಪಾಗಿ ಕೂದಲು ಇರುವುದನ್ನು ಕಂಡರೂ ನನಗೆ ಏನೂ ಅನ್ನಿಸುವುದಿಲ್ಲ. ಅನ್ನಿಸಿದರೂ ಮುಖದ ಮೇಲೆ ತೋರಿಸುವುದಿಲ್ಲ. ಹೀಗೆ ಇಷ್ಟು ವರ್ಷ ಉಳಿತಾಯ ಮಾಡಿದ ಹೊಟ್ಟೆಕಿಚ್ಚನ್ನೆಲ್ಲ ನಾನು ಒಬ್ಬನೇ ಒಬ್ಬ ಮನುಷ್ಯನ ಮೇಲೆ ಧಾರಾಳವಾಗಿ ಖರ್ಚು ಮಾಡಿದ್ದೇನೆ. ಆತ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಮಲ್ಲೇಶ. ಏತಕ್ಕೆ ಇಷ್ಟು ಉರಿ ಎಂದು ಕೇಳಿದರೆ ನೀವು ನಗುತ್ತೀರಿ. ನಗಿ, ನನಗೇನು. ಕಾರಣ, ನಮ್ಮತ್ತೆಯ ಮೊಬೈಲ್ ಫೋನು.

ನಾನು ಆ ಮನೆಗೆ ದೊಡ್ಡ ಅಳಿಯನಾಗಿ ಹೋದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆಗ ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ ಅದು. ಇಡೀ ಕಾರ್ಖಾನೆಯಲ್ಲಿ ಏಸಿ ಇದ್ದದ್ದು ಜನರಲ್ ಮ್ಯಾನೇಜರಿಗೆ ಮತ್ತು ನಮ್ಮ ಕಂಪ್ಯೂಟರಿಗೆ. ಅದರ ಪಕ್ಕ ಕೂತ ಪುಣ್ಯಕ್ಕೆ ನನಗೂ ಒಂದಿಷ್ಟು ತಣ್ಣನೆಯ ಗಾಳಿ ಸಿಗುತ್ತಿತ್ತು. ಕುವೆಂಪುನಗರದ ನಮ್ಮತ್ತೆ ಮಠದ ಭಜನೆಗೆ ಹೋದಾಗಲೆಲ್ಲ ಅಲ್ಲಿನ ಹೆಂಗಸರಿಗೆ, "ನಮ್ಮ ದೊಡ್ಡಳಿಯಂದ್ರು ಕಂಪ್ಯೂಟರಲ್ಲಿ ಅವ್ರೆ" ಎಂದು ಹೇಳಿಕೊಳ್ಳುತ್ತಿದ್ದರು. ಕೇಳಿದವರಿಗೆ ನಾನು ಅದರ ಒಳಗೇ ಕೂತಿದ್ದೇನೆ ಅನ್ನಿಸುತ್ತಿತ್ತೋ ಏನೋ, ಒಬ್ಬರು ಅಜ್ಜಿಯಂತೂ, "ಅಯ್ಯೋ ಪಾಪ, ಊಟಕ್ಕಾದ್ರೂ ಈಚೆಗೆ ಬುಡ್ತಾರಾ?" ಎಂದು ವಿಚಾರಿಸಿದರಂತೆ.

ಆ ಮನೆಗೆ ಬಂದ ಯಂತ್ರಗಳಿಗೆಲ್ಲ ನಾನೇ ಪುರೋಹಿತ. ಮಿಕ್ಸಿಯಿಂದ ಹಿಡಿದು ಗೋಡೆ ಗಡಿಯಾರದವರೆಗೆ ಯಾವುದನ್ನೂ ನನ್ನನ್ನು ಕೇಳದೆ ತರುತ್ತಿರಲಿಲ್ಲ. ಕೇಬಲ್ ಬಂದಾಗ ಟೀವಿ ಹೊಂದಿಸಿಕೊಟ್ಟವನೂ ನಾನೇ. ಹೊಂದಿಸಿದೆ ಅಂದರೆ ಸುಮ್ಮನೆ ಬೇಕಾಬಿಟ್ಟಿ ಹೊಂದಿಸಲಿಲ್ಲ. ಭಕ್ತಿ, ವಾರ್ತೆ, ಸಂಗೀತ, ಧಾರಾವಾಹಿ ಎಂದು ವಿಂಗಡಿಸಿ, ಒಂದೊಂದು ಬಗೆಗೂ ಬೇರೆ ಬೇರೆ ನಂಬರು ಕೊಟ್ಟು, ನಡುನಡುವೆ ಮುಂದೆ ಬರಬಹುದಾದ ಚಾನೆಲ್ಲುಗಳಿಗೆ ಅಂತ ಖಾಲಿ ಜಾಗವನ್ನೂ ಬಿಟ್ಟೆ. ಅತ್ತೆ ಆ ಖಾಲಿ ಜಾಗದಲ್ಲೇ ಹೋಗಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. "ಅಳಿಯಂದ್ರೆ, ಟೀವೀಲಿ ಬರೀ ಇರುವೆ ಓಡಾಡ್ತಾವೆ, ಒಂಚೂರು ಬಂದು ನೋಡ್ತೀರಾ?" ಎಂದು ನಮ್ಮ ಮನೆಗೆ ಫೋನು ಬರುತ್ತಿತ್ತು. ನಾನು ಸ್ಕೂಟರ್ ಏರಿ ಹೋಗಿ ಇರುವೆ ಓಡಿಸಿ, ಕಾಫಿ ಕುಡಿದು, ಇನ್ನೊಮ್ಮೆ ಎಲ್ಲವನ್ನೂ ಮೊದಲಿನಿಂದ ವಿವರಿಸಿ ಬರುತ್ತಿದ್ದೆ. "ನೀವಿಲ್ದಿದ್ರೆ ಈ ಮನೇಲಿ ಏನೂ ನಡೆಯಲ್ಲ" ಎನ್ನುತ್ತಿದ್ದರು ಅತ್ತೆ. ಆ ಮಾತು ಕೇಳುವುದಕ್ಕಾಗಿಯೇ ನಾನು ಬದುಕಿದ್ದೆ ಎಂದರೂ ತಪ್ಪಿಲ್ಲ.

ಅಷ್ಟರಲ್ಲಿ ನನ್ನ ನಾದಿನಿ ಶೈಲಳಿಗೆ ಮದುವೆಯಾಯಿತು. ಗಂಡು ಬೇರೆ ಯಾರೂ ಅಲ್ಲ, ಅತ್ತೆಯ ಸ್ವಂತ ಅಣ್ಣನ ಮಗ. ಅಂದರೆ ಮಲ್ಲೇಶ ಆ ಮನೆಗೆ ಅಳಿಯನಾಗಿ ಬರುವ ಮೊದಲೇ ಅಲ್ಲಿ ಚಡ್ಡಿ ಹಾಕಿಕೊಂಡು ಓಡಾಡಿದವನು. ನೋಡಿ, ಇದು ಮೊದಲನೆಯ ಅನ್ಯಾಯ. ನಾನು ಬಂದರೆ ಅತ್ತೆ ಸೆರಗು ಸರಿಮಾಡಿಕೊಂಡು, "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾರೆ. ಅವನು ಬಂದರೆ, "ಬಾರೋ, ಎಲ್ಲಿ ಹಾಳಾಗೋಗಿದ್ದೆ?" ಎನ್ನುತ್ತಾರೆ. ನನಗೆ ತಟ್ಟೆಯಲ್ಲಿ ಬಿಸ್ಕತ್ತು ಬರುತ್ತದೆ. ಅವನು ನೇರ ಅಡುಗೆಮನೆಗೆ ಹೋಗಿ ಡಬ್ಬಿಗೇ ಕೈ ಹಾಕುತ್ತಾನೆ. ಮರ್ಯಾದೆ ಎಂಬುದು ಒಂದು ಬಗೆಯ ಶಿಕ್ಷೆ ಎಂದು ನನಗೆ ಆಗ ಗೊತ್ತಾಯಿತು. ಬಯ್ಯಿಸಿಕೊಳ್ಳುವ ಆಸೆಯಿಂದ ನಾನೂ ಒಮ್ಮೆ ತಡವಾಗಿ ಹೋದೆ. "ಪಾಪ, ಕೆಲಸ ಜಾಸ್ತಿಯಿರ್ಬೇಕು" ಎಂದು ಫ್ಯಾನು ಹಾಕಿದರು.

ಮಲ್ಲೇಶ ಶುದ್ಧ ಸೋಮಾರಿ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸರಿ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಆದರೆ ಮಾತು ನಿಜ. ಅವನಿಗೆ ಬನ್ನಿಮಂಟಪದ ಕಡೆ ಒಂದು ಟೈಲ್ಸ್ ಅಂಗಡಿ. ಬೇರೆ ಅಂಗಡಿಗಳಲ್ಲಿ ಗೋಡೆಯುದ್ದಕ್ಕೂ ನೂರಾರು ಮಾದರಿ ನಿಲ್ಲಿಸಿ ಗಿರಾಕಿಗಳ ತಲೆ ತಿರುಗಿಸುತ್ತಾರೆ. ಇವನು ಎದ್ದು ಹೋಗಿ ತೆಗೆಯುವ ಶ್ರಮ ತಪ್ಪಲಿ ಎಂದು ಕುರ್ಚಿಯ ಪಕ್ಕದಲ್ಲೇ ಕೆಲವನ್ನು ಇಟ್ಟುಕೊಂಡು, "ಇದು ಅಡುಗೆಮನೆಗೆ, ಇದು ಬಚ್ಚಲಿಗೆ, ಇದು ದೇವರಮನೆಗೆ, ಇನ್ನೇನ್ ಬೇಕು ಹೇಳಿ" ಎನ್ನುತ್ತಾನೆ. ಜನ ನಿಟ್ಟುಸಿರು ಬಿಟ್ಟು ಅದನ್ನೇ ಕೊಂಡು ಹೋಗುತ್ತಾರೆ. ಮದುವೆಯಾದ ಹೊಸದರಲ್ಲಿ ಅತ್ತೆ ಇವನ ಹತ್ತಿರವೂ ಟೀವಿಯ ಇರುವೆಗಳ ವಿಷಯ ಹೇಳಿದರಂತೆ. ಇವನು ಕೂತಲ್ಲಿಂದಲೇ ರಿಮೋಟು ಇಸಿದುಕೊಂಡು, ಆನ್ ಮಾಡುವ ಗುಂಡಿ, ಚಾನೆಲ್ ಬದಲಾಯಿಸುವ ಗುಂಡಿ, ಸದ್ದಿನ ಗುಂಡಿ ಇವಿಷ್ಟನ್ನು ಬಿಟ್ಟು ಉಳಿದದ್ದರ ಮೇಲೆಲ್ಲ ಕರೆಂಟು ವೈರಿಗೆ ಸುತ್ತುವ ಕರಿ ಟೇಪು ಅಂಟಿಸಿಬಿಟ್ಟ. ನಾನು ನೋಡಿ ದಂಗಾದೆ. "ಇದೇನೋ ಮಲ್ಲೇಶ, ಮುಖ್ಯವಾದದ್ದನ್ನೆಲ್ಲ ಮುಚ್ಚಿಬಿಟ್ಟಿದೀಯ!" ಎಂದೆ. "ಮುಚ್ಚಿದ್ಮೇಲೆ ಯಾರೂ ಕೇಳ್ಲಿಲ್ವಲ್ಲಣ್ಣ" ಎಂದ. ಅಂದಿನಿಂದ ನನಗೆ ಇರುವೆಯ ಕರೆಗಳು ನಿಂತುಹೋದವು.

ಇಲ್ಲಿ ನನ್ನ ಪರವಾಗಿಯೂ ಒಂದೆರಡು ಮಾತು ಹೇಳಬೇಕು. ನಾನು ಯಾರನ್ನೂ ಗೋಳುಹೊಯ್ದುಕೊಳ್ಳಲು ವಿಷಯಗಳನ್ನು ಜಟಿಲ ಮಾಡುವವನಲ್ಲ. ಎಲ್ಲವೂ ಇರಲಿ, ಯಾವುದೂ ಬಿಟ್ಟುಹೋಗದಿರಲಿ ಎಂಬುದು ನನ್ನ ಸ್ವಭಾವ. ಕಾರ್ಖಾನೆಯ ಉಗ್ರಾಣಕ್ಕೆ ನಾನೇ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ಮೊಳೆ ಈಚೆಗೆ ಹೋಗಬೇಕಾದರೂ ಅದರ ಜಾತಕವೆಲ್ಲ ಪರದೆಯ ಮೇಲೆ ಬರುತ್ತಿತ್ತು. ಎಲ್ಲ ತುಂಬಿಸಿದ ಮೇಲೆ "ಖಚಿತವೇ?" ಎಂದು ಕೇಳುತ್ತಿತ್ತು. ಹೌದು ಎಂದರೆ, "ನಿಜವಾಗಿಯೂ ಖಚಿತವೇ?" ಎಂದು ಮತ್ತೊಮ್ಮೆ ಕೇಳುತ್ತಿತ್ತು. ಉಗ್ರಾಣದ ನಾಗರಾಜು ಸಾಧು ಮನುಷ್ಯ. ಎರಡನೇ ಸಲ ಕೇಳಿದ ತಕ್ಷಣ ಅವನಿಗೆ ತನ್ನ ಮೇಲೇ ಅನುಮಾನ ಬಂದು, ಎದ್ದು ಹೋಗಿ ಕಪಾಟಿನಲ್ಲಿ ಮೊಳೆ ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತಿದ್ದ. "ಸಾರ್, ಒಂದು ವಾಷರ್ ಕೊಡೋಷ್ಟರಲ್ಲಿ ಟೀ ಟೈಮ್ ಆಗೋಯ್ತದೆ" ಎಂದು ಅಲವತ್ತುಕೊಂಡ. "ಇದರಲ್ಲಿ ಇಲ್ಲದ ಸೌಲಭ್ಯವೇ ಇಲ್ಲ ಕಣೋ" ಎಂದೆ. "ಅದೇ ಕಷ್ಟ ಸಾರ್" ಎಂದ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಮೊಬೈಲುಗಳು ಎಲ್ಲರ ಕೈಗೂ ಬರತೊಡಗಿದ ಕಾಲಕ್ಕೆ ಅತ್ತೆಗೂ ಒಂದು ಬೇಕಾಯಿತು. ಅವರು ಮನೆಯಲ್ಲಿ ಕೂರುವವರಲ್ಲ. ಮಠ, ಭಜನೆ, ನೆಂಟರ ಮನೆಯ ಸೀಮಂತ, ಯಾವುದನ್ನೂ ಬಿಡುವವರಲ್ಲ. ಮಾವ ಫೋನು ಮುಟ್ಟುವುದಿಲ್ಲ. ಅದು ಬಡಿದುಕೊಂಡರೆ "ನೋಡೇ" ಎನ್ನುವುದಷ್ಟೇ ಅವರ ಪಾಲಿನ ಕೆಲಸ. ಇದು ನನ್ನ ಗತವೈಭವ ಮರಳಿ ಪಡೆಯುವ ಗಳಿಗೆ ಎಂದು ನನಗೆ ಹೊಳೆಯಿತು. ಊರಿನ ದೊಡ್ಡ ಅಂಗಡಿಗೆ ಹೋಗಿ, ಆಗಷ್ಟೇ ಬಂದಿದ್ದ, ಕಡ್ಡಿಯಿಂದ ಮುಟ್ಟಿ ಮುಟ್ಟಿ ನಡೆಸುವ ಗಾಜಿನ ಪರದೆಯ ಫೋನನ್ನೇ ತಂದೆ. ಅದರಲ್ಲಿ ಕ್ಯಾಮೆರಾ ಇತ್ತು, ಇಂಟರ್‌ನೆಟ್ ಇತ್ತು, ಪ್ರಪಂಚದ ಊರುಗಳ ಹೊತ್ತು ತೋರಿಸುವ ಗಡಿಯಾರ ಇತ್ತು. ಪರದೆಯ ನಟ್ಟನಡುವೆ, ಮುಟ್ಟಿದರೆ ಸಾಕು ಕರೆ ಹೋಗುವ ಹಾಗೆ, ನನ್ನ ನಂಬರನ್ನು ಒಂದು ಚೌಕದಲ್ಲಿ ಕೂರಿಸಿದೆ. ಅತ್ತೆ ಎರಡೂ ಕೈಯಲ್ಲಿ ಅದನ್ನು ತೀರ್ಥದ ಹಾಗೆ ತೆಗೆದುಕೊಂಡು, "ಇಷ್ಟು ದೊಡ್ಡದು ನಂಗ್ಯಾಕೆ ಅಳಿಯಂದ್ರೆ?" ಎಂದರು. ನಾನು ಮಲ್ಲೇಶನ ಮುಖ ನೋಡಿದೆ. ಅವನು ಕಡಲೆಬೀಜ ತಿನ್ನುತ್ತಿದ್ದ.

ಭಾನುವಾರಗಳಲ್ಲಿ ಪಾಠ ನಡೆಯಿತು. ಕಡ್ಡಿಯನ್ನು ಹಿಡಿಯುವುದು ಹೇಗೆ, ಬೀಗ ತೆಗೆಯುವುದು ಹೇಗೆ, ಬೀಗ ತೆಗೆದ ಮೇಲೆ ಕರೆ ಸ್ವೀಕರಿಸುವುದು ಹೇಗೆ ಎಂದು ನಾನು ಹೇಳುತ್ತಿದ್ದರೆ ಅತ್ತೆ ಹೂಂ ಹೂಂ ಎನ್ನುತ್ತಿದ್ದರು. ಅಷ್ಟಾದರೂ ನಾನು ಕರೆ ಮಾಡಿದರೆ ಅವರು ಬಡಿದುಕೊಳ್ಳುತ್ತಿರುವ ಫೋನಿನ ಎದುರು ಕೂತು "ಹಲೋ ಹಲೋ" ಎಂದು ಕೂಗುತ್ತಿದ್ದರಂತೆ. ಕರೆ ಮಾಡಲು ಹೋಗಿ ಮನೆಯ ಸೂರಿನ ಫೋಟೋ ತೆಗೆದರು. ಮಠದಲ್ಲಿ ಕಣ್ಣು ಮುಚ್ಚಿ ಎಲ್ಲರೂ ಧ್ಯಾನಕ್ಕೆ ಕೂತಾಗ ಯಾವುದೋ ಅಲಾರಂ ಹೊಡೆದುಕೊಂಡು, ನಿಲ್ಲಿಸಲು ತಿಳಿಯದೆ, ಪಕ್ಕದಲ್ಲಿದ್ದ ಅಕ್ಕಿ ಚೀಲದೊಳಗೆ ಹೂತುಬಿಟ್ಟರಂತೆ. ಅಕ್ಕಿಯ ಒಳಗಿಂದಲೂ ಅದು ಕೂಗುತ್ತಲೇ ಇತ್ತಂತೆ. ಒಂದು ವಾರ ಹೋಗಿ ನೋಡುತ್ತೇನೆ, ಕಡ್ಡಿಯ ತುದಿ ಕರಗಿ ಸೊಟ್ಟಗಾಗಿದೆ. ಕೇಳಿದರೆ, "ದೀಪದ ಬತ್ತಿ ಮುಂದೂಡೋಕೆ ಸಣ್ಣಗೆ ಚೆನ್ನಾಗಿತ್ತು ಕಣ್ರೀ, ನೀವು ಅದಕ್ಕೇ ಕೊಟ್ಟಿದ್ದೇನೋ ಅಂದ್ಕೊಂಡೆ" ಎಂದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಆಗ ನಡುವೆ ಬಂದ ಮಹಾನುಭಾವ ಯಾರು? ಮಲ್ಲೇಶ. ಎಲ್ಲಿಂದಲೋ ಒಂದು ಅಗ್ಗದ ಫೋನು ತಂದ. ಗುಂಡಿಗಳ ಫೋನು, ನೆತ್ತಿಯ ಮೇಲೆ ಟಾರ್ಚು. ಶೈಲಳ ಕನ್ನಡಿಯ ಮೇಲೆ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟುಗಳನ್ನು, ಹೆಂಗಸರು ಹಣೆಗೆ ಇಡುತ್ತಾರಲ್ಲ ಅವನ್ನೇ, ಕಿತ್ತು ತಂದು ಮೂರು ಗುಂಡಿಗಳ ಮೇಲೆ ಒಂದೊಂದು ಅಂಟಿಸಿದ. "ಕೆಂಪು ಶೈಲ, ಹಸಿರು ಗಿರಿಜಕ್ಕ, ಈ ದಪ್ಪ ಮೆರೂನು ನಾನು. ಒತ್ತಿ ಹಿಡ್ಕೊ ಅತ್ತೆ, ಅಷ್ಟೇ" ಎಂದ. ಅತ್ತೆ ಒತ್ತಿ ಹಿಡಿದುಕೊಂಡರು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಗಿರಿಜಳ ಫೋನು ಬಡಿದುಕೊಂಡಿತು. ಅತ್ತೆ ಮಗುವಿನ ಹಾಗೆ ಕೇಕೆ ಹಾಕಿ ನಕ್ಕು, "ಎಷ್ಟು ಸಲೀಸು ಮಾಡ್ಬುಟ್ಟಿದೀಯೋ, ಬಡ್ಡಿಮಗನೆ!" ಎಂದು ಅವನ ತಲೆಗೆ ಮೊಟಕಿದರು. ನನ್ನ ಎಷ್ಟೋ ಭಾನುವಾರಗಳ ಕೆಲಸವನ್ನು ಅವನು ಕಾಫಿ ಆರುವುದರೊಳಗೆ ಮುಗಿಸಿದ್ದ. ನನ್ನ ಫೋನು ಹಳದಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಸಿಕೊಂಡು ದೇವರಮನೆಯ ಗೂಡು ಸೇರಿತು.

ಇದನ್ನೆಲ್ಲ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಮೂರು ಬೊಟ್ಟಿನಲ್ಲಿ ನನ್ನದು ಒಂದೂ ಇರಲಿಲ್ಲ. "ನನ್ನ ಬೊಟ್ಟು ಇದೆಯಲ್ಲ, ಅದು ನಮ್ಮನೆ ತಾನೆ?" ಎಂದಳು ಗಿರಿಜ. ಹೆಂಡತಿಯ ಬೊಟ್ಟು ಗಂಡನ ಬೊಟ್ಟು ಹೇಗಾಗುತ್ತದೆ? ದೊಡ್ಡ ಅಳಿಯನೆಂದರೆ ಆ ಫೋನಿನಲ್ಲಿ ಒಂದು ಗುಂಡಿಗೂ ಗತಿಯಿಲ್ಲವೆ? ಪ್ರತಿ ಭಾನುವಾರ ಹೋದಾಗಲೂ ನಾನು ಯಾರೂ ಇಲ್ಲದ ಹೊತ್ತು ನೋಡಿ ಆ ಫೋನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದೆ. ಗುಂಡಿಗಳೇನೋ ಬೇಕಾದಷ್ಟು ಖಾಲಿ ಇದ್ದವು. ಮಲ್ಲೇಶನ ದಪ್ಪ ಮಖಮಲ್ಲಿನ ಬೊಟ್ಟು ಮಾತ್ರ ಒತ್ತಿ ಒತ್ತಿ ಅಂಚು ಸವೆದಿತ್ತು. ಆ ಸವೆತ ಕಂಡು ನನಗೆ ಆದ ಸಂಕಟ ಅಷ್ಟಿಷ್ಟಲ್ಲ. "ಅಮ್ಮನ ಫೋನಲ್ಲಿ ಅದೇನು ಹಂಗೆ ಹುಡುಕ್ತೀರಾ ಕಣ್ರೀ?" ಎಂದು ಗಿರಿಜ ಒಮ್ಮೆ ಹಿಡಿದೇಬಿಟ್ಟಳು. ಬ್ಯಾಟರಿ ನೋಡ್ತಿದ್ದೆ ಎಂದೆ.

ಒಂದು ದಿನ ತಡೆಯಲಾರದೆ ಅತ್ತೆಯ ಎದುರಿಗೇ ವಾದಕ್ಕೆ ನಿಂತೆ. "ಅತ್ತೆ, ನಾನು ಕೊಟ್ಟದ್ದರಲ್ಲಿ ಇಂಟರ್‌ನೆಟ್ ಇದೆ" ಎಂದೆ. ಅವರು ಬಹಳ ವಿನಯದಿಂದ, "ಇದರಲ್ಲಿ ಟಾರ್ಚು ಅದೆ ಅಳಿಯಂದ್ರೆ" ಎಂದರು. "ಅದರಲ್ಲಿ ನ್ಯೂಯಾರ್ಕಿನ ಟೈಮು ಕೂಡ ಗೊತ್ತಾಗುತ್ತೆ" ಎಂದೆ. "ಅಲ್ಲಿ ನಮ್ಮೋರು ಯಾರೂ ಇಲ್ವಲ್ಲ" ಎಂದರು. ಒಳಗಿನ ಕೋಣೆಯಲ್ಲಿ ಮಾವ ಕೆಮ್ಮಿದರು. ಅದು ನಗು ಎಂದು ನನಗೆ ಗೊತ್ತಾಯಿತು. ಇಷ್ಟಾದರೂ ಆಸೆ ಸಾಯಲಿಲ್ಲ. ಗೂಡಿನಲ್ಲಿದ್ದ ಆ ಫೋನಿನ ಸಿಮ್ಮಿಗೆ ನಾನು ಯಾರಿಗೂ ಹೇಳದೆ ಕರೆನ್ಸಿ ಹಾಕಿಸುತ್ತಲೇ ಇದ್ದೆ. ಯಾವತ್ತಾದರೂ ಒಂದು ದಿನ ಅತ್ತೆಗೆ ಮನಸ್ಸು ಬಂದು ರೇಷ್ಮೆ ಬಟ್ಟೆ ಬಿಚ್ಚಿದರೆ ಕರೆನ್ಸಿ ಇಲ್ಲದೆ ನಿರಾಶರಾಗಬಾರದಲ್ಲ.

ಆ ದಿನ ಆಯುಧಪೂಜೆಯ ರೂಪದಲ್ಲಿ ಬಂತು. ಕಾರ್ಖಾನೆಯಲ್ಲಿ ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿ, ನಮ್ಮ ಕಂಪ್ಯೂಟರುಗಳಿಗೂ ಕುಂಕುಮ ಇಟ್ಟು, ಪುರಿ ಹಂಚುತ್ತಿದ್ದೆವು. ಅಷ್ಟರಲ್ಲಿ ನನ್ನ ಮೊಬೈಲು ಅದುರಿತು. ನೋಡುತ್ತೇನೆ, ಅತ್ತೆ! ಅದೂ ಯಾವ ನಂಬರಿನಿಂದ? ನಾನು ಕೊಟ್ಟ ಫೋನಿನ ನಂಬರಿನಿಂದ! "ನಾಗರಾಜು, ನಮ್ಮತ್ತೆ ಕಣೋ! ಟಚ್ ಸ್ಕ್ರೀನಿಂದ ಮಾಡ್ತಿದಾರೆ!" ಎಂದು ಅವನ ತಟ್ಟೆಯ ಪುರಿ ಚೆಲ್ಲುವ ಹಾಗೆ ಕೂಗಿ, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಹೊರಗೆ ಓಡಿದೆ. "ಹಲೋ ಅತ್ತೆ" ಎಂದೆ. ಗಂಟೆಯ ಸದ್ದು ಕೇಳಿಸಿತು. "ಓಂ ನಮಃ ಶಿವಾಯ" ಎಂದು ಅತ್ತೆಯ ದನಿ ಕೇಳಿಸಿತು. ಆಮೇಲೆ ನಿಧಾನವಾಗಿ ನನಗೆ ಅರ್ಥವಾಯಿತು. ಪೂಜೆಯ ದಿನ ಯಂತ್ರ ಸತ್ತು ಮಲಗಿರಬಾರದೆಂದು ಅತ್ತೆ ಮಲ್ಲೇಶನ ಕೈಲಿ ಅದನ್ನು ಚಾರ್ಜು ಮಾಡಿಸಿ, ಆನ್ ಮಾಡಿಸಿ, ಗಾಜಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಟ್ಟನಡುವೆ ಒತ್ತಿ ಕುಂಕುಮ ಇಟ್ಟಿದ್ದರು. ನಟ್ಟನಡುವೆ ಇದ್ದದ್ದು ನನ್ನ ಚೌಕ.

ಮರ್ಯಾದಸ್ಥನಾದರೆ ಅಲ್ಲಿಗೇ ಇಟ್ಟುಬಿಡಬೇಕಿತ್ತು. ನಾನು ಇಡಲಿಲ್ಲ. ಮಲ್ಲೇಶನ ದನಿ ಕೇಳಿಸಿತು: "ಅತ್ತೆ, ಅಣ್ಣಂಗೂ ಒಂದು ಬೊಟ್ಟು ಹಾಕ್ಬುಡನಾ ಕಣತ್ತೆ. ಬಂದಾಗಲೆಲ್ಲ ಆ ಫೋನೇ ನೋಡ್ತಾ ಇರ್ತಾರೆ, ಪಾಪ." ನನ್ನ ಕಿವಿ ಬಿಸಿಯಾಯಿತು. ಅತ್ತೆ, "ಅವರ ನಂಬರ್ಗೆ ಬೊಟ್ಟು ಯಾಕೋ? ನಂಗೆ ಬಾಯಲ್ಲೇ ಅದೆ" ಎಂದವರೇ ಭಜನೆಯ ಧಾಟಿಯಲ್ಲಿ ನನ್ನ ಪೂರ್ತಿ ನಂಬರನ್ನು ಹಾಡಿಬಿಟ್ಟರು. ಒಂದಂಕಿಯೂ ತಪ್ಪಲಿಲ್ಲ. ನನ್ನ ಹೆಂಡತಿಗೇ ಅದು ಬಾಯಿಗೆ ಬರುವುದಿಲ್ಲ. ಕಾರ್ಖಾನೆಯ ಗೋಡೆಗೆ ಒರಗಿ ನಿಂತು ನಾನು ಕಣ್ಣು ಒರೆಸಿಕೊಂಡೆ.

"ಮತ್ತೆ ಒಂದ್ಸಲನಾದ್ರೂ ಮಾಡ್ಬಾರ್ದಾ?" ಎಂದ ಮಲ್ಲೇಶ.

"ಭಯ ಆಯ್ತದೆ ಕಣೋ" ಎಂದರು ಅತ್ತೆ. "ಮಾಡಿದ್ರೆ ಸುಮ್ನೆ ಮಾತಾಡ್ತಾರಾ ಅವರು? ಯಾವುದರಿಂದ ಮಾಡಿದ್ರಿ, ಎಂಗೆ ಒತ್ತಿದ್ರಿ, ಅಂಗಲ್ಲ ಇಂಗೆ ಒತ್ತಿ ಅಂತ ಪಾಠ ಶುರು ಮಾಡ್ತಾರೆ. ನಾನು ಏನ್ ಹೇಳೋಕೆ ಮಾಡಿದ್ದೆ ಅನ್ನೋದೇ ಮರ್ತೋಯ್ತದೆ. ಅವತ್ತು ಅವರಿಗೆ ಜ್ವರ ಅಂತ ಗಿರಿಜ ಹೇಳಿದ್ಲು ನೋಡು, ಎಂಗವ್ರೆ ಅಂತ ಕೇಳನಾ ಅಂದು ನಂಬರ್ ಒತ್ಕೊಂಡ್ ಒತ್ಕೊಂಡ್ ಬಂದೆ. ಕೊನೇ ನಂಬರಿಗೆ ಧೈರ್ಯ ಸಾಲ್ದೆ ನಿಲ್ಲಿಸ್ಬುಟ್ಟೆ."

ಮಲ್ಲೇಶ ಈಗ ನನ್ನನ್ನು ಆಡಿಕೊಂಡು ನಗುತ್ತಾನೆ ಎಂದು ಕಾದೆ. ನಗಲಿ ಎಂದು ಮನಸಾರೆ ಹಾರೈಸಿದೆ. ಅವನು, "ಅಣ್ಣ ಒಳ್ಳೇವ್ರು ಕಣತ್ತೆ. ಗೊತ್ತಿರೋದನ್ನೆಲ್ಲ ಒಂದೇ ಸಲಕ್ಕೆ ಬಡಿಸ್ಬುಡ್ತಾರೆ, ಅಷ್ಟೇಯ" ಎಂದ. ಅಷ್ಟರಲ್ಲಿ ಯಾರೋ ಗಾಜಿನ ಮೇಲೆ ಹೂವಿಟ್ಟರೋ ಏನೋ, ಕರೆ ಕಡಿದುಹೋಯಿತು. ಅವನು ಬೈಯಬಾರದಿತ್ತೆ? ಒಂದು ಕೆಟ್ಟ ಮಾತು ಆಡಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು! ಒಳ್ಳೆಯತನದಲ್ಲಿಯೂ ಅವನೇ ಮುಂದೆ. ಅತ್ತೆಯ ಮಾತಿಗೆ ಅಳು, ಅವನ ಮಾತಿಗೆ ಉರಿ, ಎರಡೂ ಒಟ್ಟಿಗೆ ಬಂದು ನಾನು ಅಂದು ಪುರಿ ತಿನ್ನಲಿಲ್ಲ. ಒಳಗೆ ಹೋಗಿ ಉಗ್ರಾಣದ ಪ್ರೋಗ್ರಾಮಿನಿಂದ "ನಿಜವಾಗಿಯೂ ಖಚಿತವೇ?" ಎಂಬುದನ್ನು ತೆಗೆದುಹಾಕಿದೆ. ಮೊದಲನೆಯದನ್ನೂ ತೆಗೆಯುವಷ್ಟು ಧೈರ್ಯ ಬರಲಿಲ್ಲ.

ಮಾರನೆಯ ವಾರ ಬನ್ನಿಮಂಟಪಕ್ಕೆ ಹೋಗಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಮಲ್ಲೇಶನ ಎದುರು ನಿಂತು, ನಾಚಿಕೆ ಬಿಟ್ಟು ಕೇಳಿದೆ. "ನನಗೂ ಒಂದು ಬೊಟ್ಟು ಹಾಕೋ." ಅವನ ಮುಖ ಅರಳಿತು. "ಅದಕ್ಕೇನಣ್ಣ, ಈ ಭಾನುವಾರನೇ ಹಾಕ್ಬುಡನಾ" ಎಂದ. ಹಾಗೇ ಮಾಡಿದ. ಮೆರೂನಿನ ಪಕ್ಕದ ಗುಂಡಿಯ ಮೇಲೆ ಒಂದು ನೀಲಿ ಬೊಟ್ಟು, ಅದರ ಹಿಂದೆ ನನ್ನ ಮೊಬೈಲು. ನೋಡಿ ನನ್ನ ಎದೆ ತಣ್ಣಗಾಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಪ್ರಬಂಧವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನಗೆ ಒಂದು ಯೋಚನೆ ಬಂತು. ನಾನು ಮೀಟಿಂಗಿನಲ್ಲಿದ್ದು ಮೊಬೈಲು ಎತ್ತದಿದ್ದರೆ? ಅದಕ್ಕೆ ಆಫೀಸಿನ ನಂಬರಿಗೆ ಒಂದು ಹಳದಿ. ಆಫೀಸಿನಿಂದ ಹೊರಟು ದಾರಿಯಲ್ಲಿದ್ದರೆ? ಮನೆಯ ಲ್ಯಾಂಡ್‌ಲೈನಿಗೆ ಒಂದು ಕಂದು. ನಾಗರಾಜುವಿನ ಹತ್ತಿರ ಹೋಗಿದ್ದರೆ? ಉಗ್ರಾಣಕ್ಕೆ ಒಂದು ಕರಿ ಬೊಟ್ಟು. "ಅಣ್ಣ, ಸಾಕು ಬುಡಿ" ಎಂದ ಮಲ್ಲೇಶ. ಅವನಿಗೆ ನನ್ನ ಬೊಟ್ಟು ಹೆಚ್ಚಾದದ್ದು ಕಂಡು ಹೊಟ್ಟೆಕಿಚ್ಚು ಎಂದು ನನಗೆ ಪರಮ ಸಂತೋಷವಾಯಿತು. ಮದುವಣಗಿತ್ತಿಯ ಹಾಗೆ ಸಿಂಗಾರಗೊಂಡ ಫೋನನ್ನು ಅತ್ತೆ ಕನ್ನಡಕ ಏರಿಸಿ ನೋಡಿದರು. ಉಪ್ಪಿಲ್ಲದ ಸಾರಿಗೆ ಬೀಗರು ಹೇಳುವ ದನಿಯಲ್ಲಿ, "ಚೆನ್ನಾಗದೆ ಅಳಿಯಂದ್ರೆ" ಎಂದರು.

ಕೆಲವು ದಿನಗಳಾದವು. ಒಂದು ಬೆಳಿಗ್ಗೆ ಆಫೀಸಿನಲ್ಲಿ ಕೂತಿದ್ದಾಗ ಮೊಬೈಲು ಬಡಿದುಕೊಂಡಿತು. ಅತ್ತೆ! ಈ ಸಲ ಅವರ ಸ್ವಂತ ಫೋನಿನಿಂದ, ತಮ್ಮ ಸ್ವಂತ ಇಚ್ಛೆಯಿಂದ! ಪಾಠ ಮಾಡಬಾರದು, ಯಾವ ಗುಂಡಿ ಎಂದು ಕೇಳಬಾರದು, ಬಾಯಿ ಬಿಗಿ ಹಿಡಿದಿರಬೇಕು ಎಂದು ನಾನು ಎಷ್ಟೋ ದಿನಗಳಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದೆ. ದನಿ ತಗ್ಗಿಸಿ "ಹೂಂ ಅತ್ತೆ" ಎಂದಷ್ಟೇ ಅಂದೆ.

"ಮಲ್ಲೇಶ, ತಿಂಡಿ ತಿಂದೇನೋ?" ಎಂದರು ಅತ್ತೆ.

ಅಷ್ಟು ಬೊಟ್ಟುಗಳ ಸಂತೆಯಲ್ಲಿ ಅವರು ಮೆರೂನು ಬಿಟ್ಟು ನೀಲಿ ಒತ್ತಿದ್ದರು. ಅತ್ತೆ, ನಾನು ಮಲ್ಲೇಶ ಅಲ್ಲ, ನೀವು ತಪ್ಪು ಗುಂಡಿ ಒತ್ತಿದ್ದೀರಿ ಎಂದು ಹೇಳಲು ಬಾಯಿ ತೆರೆದೆ. ತೆರೆದವನಿಗೆ ಅದೇ ಪಾಠದ ಮೊದಲ ಸಾಲು ಎಂದು ಹೊಳೆಯಿತು. ಬಾಯಿ ಮುಚ್ಚಿಕೊಂಡು ಮತ್ತೆ "ಹೂಂ" ಎಂದೆ.

ಆಹಾ, ಆಮೇಲೆ ಬಂತು ನೋಡಿ ಮಾತಿನ ಹೊಳೆ. "ನಿಮ್ಮ ಮಾವಂದು ಮಂಡಿ ನೋವು ಅಂಗೇ ಅದೆ ಕಣೋ, ಎಣ್ಣೆ ತಿಕ್ಕಿದ್ರೆ ತಿಕ್ಕಿಸ್ಕೊಳಲ್ಲ. ಭಜನೇಲಿ ಆ ಸರೋಜಮ್ಮ ಇಲ್ವಾ, ತಾಳ ತಪ್ಪಿಸಿ ನನ್ನ ಮೇಲೆ ಹಾಕ್ಬುಟ್ಟಳು ಕಣೋ, ನಾನು ಬುಟ್ಟೆನಾ? ನೀನ್ಯಾಕೋ ಸೊರಗೋಗಿದೀಯ? ಅಂಗ್ಡೀಲಿ ಕೂತು ಕೂತು ಹಾಳಾಗೋಯ್ತೀಯ, ಸಾಯಂಕಾಲ ಒಂಚೂರು ನಡಿ. ಭಾನುವಾರ ಕರಿಗಡುಬು ಮಾಡ್ತೀನಿ, ಬೇಗ ಬಾ, ಬಿಸೀಲಿ ತಿನ್ನು." ನಾನು ಹೂಂ, ಹೂಂ ಎನ್ನುತ್ತ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಇಷ್ಟು ವರ್ಷದ ಅಳಿಯತನದಲ್ಲಿ ನನಗೆ ಯಾರೂ ಹೀಗೆ ಗದರಿಸಿರಲಿಲ್ಲ. ಕೊನೆಗೆ ಅವರು ಒಂದು ಉಸಿರು ಎಳೆದುಕೊಂಡು, "ಸರಿ, ಇಡ್ತೀನಿ ಕಣೋ. ದೊಡ್ಡಳಿಯಂದ್ರಿಗೂ ಹೇಳ್ಬೇಕು. ಅವರ ಬೊಟ್ಟು ಯಾವುದೋ ಏನೋ, ನಂಬರ್ ಒತ್ತೇ ಮಾಡ್ತೀನಿ ಇವತ್ತು, ಏನಾದ್ರಾಗ್ಲಿ" ಎಂದು ಇಟ್ಟರು.

ನಾನು ಫೋನನ್ನು ಮೇಜಿನ ಮೇಲಿಟ್ಟು, ಅಂಗಿಯ ಕಾಲರು ಸರಿಮಾಡಿಕೊಂಡು ಕಾದೆ. ಅತ್ತ ಒಂದೊಂದೇ ಅಂಕಿ ಒತ್ತುತ್ತಿರುವ ಬೆರಳು ನನಗೆ ಕಾಣುತ್ತಿತ್ತು. ನಿಲ್ಲಿಸಬೇಡಿ ಅತ್ತೆ, ಇನ್ನೊಂದೇ ಒಂದು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಫೋನು ಬಡಿದುಕೊಂಡಿತು.

"ಅಳಿಯಂದ್ರೆ, ನಮಸ್ಕಾರ. ಭಾನುವಾರ ಊಟಕ್ಕೆ ಬರ್ಬೇಕು."

"ಬರ್ತೀವಿ ಅತ್ತೆ" ಎಂದೆ. ಅಷ್ಟೇ ಎಂದೆ.

ಅತ್ತಕಡೆ ಅವರು ಪಾಠಕ್ಕೆ ಕಾಯುತ್ತಿದ್ದರು. ಪಾಠ ಬಾರದಿದ್ದಾಗ ಗಾಬರಿಯಾಗಿ, "ಹುಷಾರಾಗಿದೀರಾ ತಾನೆ?" ಎಂದರು. ಹುಷಾರಾಗಿದ್ದೇನೆ ಅತ್ತೆ ಎಂದೆ. "ಸಂತೋಷ. ಇಡ್ಲಾ ಮತ್ತೆ?" ಎಂದು ಇಟ್ಟೇಬಿಟ್ಟರು.

ಗೆದ್ದವನು ನಾನೇ, ನನ್ನ ಅತ್ತೆ ಕೊನೆಯ ಅಂಕಿಯವರೆಗೂ ಒತ್ತಿ ನನ್ನನ್ನು ಕರೆದಿದ್ದರು. ಆದರೂ ಮಧ್ಯಾಹ್ನದವರೆಗೂ ನನಗೆ ಕೆಲಸ ಹತ್ತಲಿಲ್ಲ. ನನಗೆ ಎರಡು ಮಾತು ಆಡಿ ಇಟ್ಟವರು, ಅದಕ್ಕೆ ಮೊದಲು ಇನ್ನೊಬ್ಬನ ಹತ್ತಿರ ಅಷ್ಟು ಹೊತ್ತು, ಅಷ್ಟು ಸಲಿಗೆಯಿಂದ ಹರಟಿದ್ದರಲ್ಲ, ಅವನ ಮೇಲೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಆ ಇನ್ನೊಬ್ಬನೂ ನಾನೇ ಎಂದು ಎಷ್ಟು ಹೇಳಿಕೊಂಡರೂ ಉರಿ ಆರಲಿಲ್ಲ.